ಡೀಸೆಲ್ ಎಂಜಿನ್ನಿನ ಮುಂದಿನ ಗತಿ: ಎಣ್ಣೆ, ವಿದ್ಯುತ್ತು ಮತ್ತು ನೆಲದ ಲೆಕ್ಕ

ಸಾರಿಗೆಯ ಇಂಧನವನ್ನು ಕುರಿತು ಇಂದು ನಡೆಯುತ್ತಿರುವ ಚರ್ಚೆಯಲ್ಲಿ ಎರಡು ಬಗೆಯ ಅಭಿಪ್ರಾಯಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಡೀಸೆಲ್ ವಾಹನದ ಕಾಲ ಮುಗಿಯಿತು, ಇನ್ನು ಕೆಲವೇ ವರ್ಷಗಳಲ್ಲಿ ರಸ್ತೆಯ ಮೇಲೆ ವಿದ್ಯುತ್ ವಾಹನಗಳ ಹೊರತು ಬೇರೇನೂ ಕಾಣಸಿಗದು ಎಂಬುದು ಒಂದು. ಹೊರದೇಶದ ಕಚ್ಚಾ ಎಣ್ಣೆಗೆ ಬದಲಾಗಿ ನಮ್ಮ ನೆಲದಲ್ಲಿಯೇ ಬೆಳೆಯುವ ಹೊಂಗೆ, ಬೇವು, ಹಿಪ್ಪೆ, ಕಾಡುಹರಳುಗಳ ಎಣ್ಣೆಯನ್ನು ಬಳಸಿ ಈಗಿರುವ ಎಂಜಿನ್ನುಗಳನ್ನೇ ಓಡಿಸಬಹುದು ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ಸದುದ್ದೇಶದಿಂದಲೇ ಹೇಳುತ್ತಾರೆ. ಆದರೆ ಎರಡರಲ್ಲಿಯೂ ಉತ್ಸಾಹ ಹೆಚ್ಚು, ಲೆಕ್ಕ ಕಡಮೆ. ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಯು ಕಾಗದ ಪೆನ್ಸಿಲು ಹಿಡಿದು ಮಾಡಬಹುದಾದ ಗುಣಾಕಾರ ಭಾಗಾಕಾರಗಳಿಂದಲೇ ಈ ವಿಷಯದ ಬಹುಭಾಗ ತಿಳಿಯಾಗುತ್ತದೆಂದು ನಮ್ಮ ನಂಬಿಕೆ. ಈ ಲೇಖನದಲ್ಲಿ ಅದನ್ನೇ ಮಾಡಿ ತೋರಿಸಲು ಯತ್ನಿಸುತ್ತೇವೆ.

ಮೊದಲು ವಿಷಯದ ಗಾತ್ರವನ್ನು ತಿಳಿದುಕೊಳ್ಳಬೇಕು. 2023-24ನೆಯ ಸಾಲಿನಲ್ಲಿ ಭಾರತವು ಸುಮಾರು 9 ಕೋಟಿ ಟನ್ ಡೀಸೆಲನ್ನು ಉರಿಸಿತು. ದೇಶದಲ್ಲಿ ಬಳಕೆಯಾಗುವ ಪೆಟ್ರೋಲಿಯಂ ಪದಾರ್ಥಗಳೆಲ್ಲವನ್ನೂ ಕೂಡಿಸಿ ಐದು ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು ಡೀಸೆಲೊಂದರದೇ. ಇದಕ್ಕೆ ಮೂಲವಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಮಿಕ್ಕಿ ಹೊರದೇಶಗಳಿಂದ ಬರತಕ್ಕದ್ದು. ಪೆಟ್ರೋಲು ಮುಖ್ಯವಾಗಿ ಸ್ವಂತ ವಾಹನವುಳ್ಳವರ ಇಂಧನ. ಡೀಸೆಲಾದರೋ ಲಾರಿಯದು, ಬಸ್ಸಿನದು, ಟ್ರ್ಯಾಕ್ಟರಿನದು, ದೋಣಿಯದು. ಅದರ ಬೆಲೆ ಏರಿದರೆ ಸಂತೆಯಲ್ಲಿ ಈರುಳ್ಳಿಯ ಬೆಲೆ ಏರುತ್ತದೆ. ಆದಕಾರಣ ಇದಕ್ಕೆ ಬದಲಿ ಯಾವುದು ಎಂಬ ಪ್ರಶ್ನೆ ಕೇವಲ ಯಂತ್ರಶಾಸ್ತ್ರದ ಪ್ರಶ್ನೆಯಲ್ಲ.

ಡೀಸೆಲ್ ಎಂಜಿನ್ನು ಇಷ್ಟು ವ್ಯಾಪಕವಾಗಿ ನೆಲೆಯೂರಲು ಕಾರಣವೇನು? ಪೆಟ್ರೋಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಇಂಧನದ ಆವಿಯನ್ನೂ ಗಾಳಿಯನ್ನೂ ಬೆರೆಸಿ, ಆ ಮಿಶ್ರಣವನ್ನು ಒತ್ತಿ, ವಿದ್ಯುತ್ ಕಿಡಿಯಿಂದ ಹೊತ್ತಿಸುತ್ತಾರೆ. ಒತ್ತುವುದು ಅತಿಯಾದರೆ ಮಿಶ್ರಣವು ಕಿಡಿಗೆ ಕಾಯದೆ ತಾನಾಗಿಯೇ ಹೊತ್ತಿಕೊಂಡು ಎಂಜಿನ್ನನ್ನು ಬಡಿಯತೊಡಗುತ್ತದೆ. ಆದ್ದರಿಂದ ಹತ್ತರಲ್ಲಿ ಒಂದು ಪಾಲಿನ ಗಾತ್ರಕ್ಕೆ ಒತ್ತುವುದೇ ಅಲ್ಲಿ ಹೆಚ್ಚು ಕಡಮೆ ಮಿತಿ. ಡೀಸೆಲ್ ಎಂಜಿನ್ನಿನಲ್ಲಿ ಒತ್ತುವುದು ಬರಿಯ ಗಾಳಿಯನ್ನು. ಅದನ್ನು ಹದಿನಾರರಲ್ಲಿ, ಹದಿನೆಂಟರಲ್ಲಿ ಒಂದು ಪಾಲಿನ ಗಾತ್ರಕ್ಕೆ ಕುಗ್ಗಿಸಿದಾಗ ಅದರ ಶಾಖವು 500 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಆ ಕ್ಷಣದಲ್ಲಿ ಎಣ್ಣೆಯನ್ನು ಸಣ್ಣ ತುಂತುರಾಗಿ ಒಳಗೆ ಚಿಮ್ಮಿದರೆ ಕಿಡಿಯ ನೆರವಿಲ್ಲದೆಯೇ ಅದು ಉರಿಯುತ್ತದೆ. ಹೆಚ್ಚು ಒತ್ತಿದಷ್ಟೂ ಅದೇ ಶಾಖದಿಂದ ಹೆಚ್ಚು ಕೆಲಸ ದೊರೆಯುತ್ತದೆಂಬುದು ಉಷ್ಣಗತಿಶಾಸ್ತ್ರದ ನಿಯಮ. ಇಂದಿನ ಒಂದು ಒಳ್ಳೆಯ ಲಾರಿ ಎಂಜಿನ್ನು ತಾನು ಉರಿಸಿದ ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 40ರಷ್ಟನ್ನು ಕೆಲಸವಾಗಿ ಮಾರ್ಪಡಿಸುತ್ತದೆ.

ಈ ಯಂತ್ರವನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಜರ್ಮನ್ ಎಂಜಿನಿಯರು. 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಪರೀಕ್ಷೆಗೆ ಒಳಗಾದ ಅವನ ಎಂಜಿನ್ನು ನೂರಕ್ಕೆ 26ರಷ್ಟು ಕಾರ್ಯಸಾಮರ್ಥ್ಯವನ್ನು ತೋರಿಸಿತು. ಆ ಕಾಲದ ಸಾಧಾರಣ ಉಗಿಯಂತ್ರ ನೂರಕ್ಕೆ ಹತ್ತನ್ನು ಮುಟ್ಟಿದರೆ ಹೆಚ್ಚು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಸಂಗತಿಯೆಂದರೆ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ನಡೆದದ್ದು. ಅಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಫ್ರೆಂಚ್ ಸರಕಾರಕ್ಕೆ ಆಫ್ರಿಕದ ತನ್ನ ವಸಾಹತುಗಳಲ್ಲಿ ಬೆಳೆಯುವ ಕಡಲೆಕಾಯಿಯಿಂದ ಅಲ್ಲಿಯೇ ಯಂತ್ರಗಳನ್ನು ನಡೆಸಬಹುದೇ ಎಂಬ ಆಲೋಚನೆಯಿತ್ತು. ಹೀಗೆ ಸಸ್ಯದ ಎಣ್ಣೆಯಿಂದ ಡೀಸೆಲ್ ಎಂಜಿನ್ನನ್ನು ನಡೆಸುವ ಮಾತು ಆ ಎಂಜಿನ್ನಿನಷ್ಟೇ ಹಳೆಯದು. ನೂರಾ ಇಪ್ಪತ್ತೈದು ವರ್ಷಗಳಾದರೂ ಅದು ಏಕೆ ಕೈಗೂಡಲಿಲ್ಲವೆಂಬುದನ್ನು ಮುಂದೆ ನೋಡೋಣ.

ಡೀಸೆಲಿನ ಗುಣ ಯಾವುದರಿಂದ ಬಂದಿತೋ ಅದರ ದೋಷವೂ ಅದರಿಂದಲೇ ಬಂದಿದೆ. ಎಂಜಿನ್ನಿನೊಳಗಿನ ಅತಿಯಾದ ಶಾಖದಲ್ಲಿ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಎಣ್ಣೆಯ ತುಂತುರು ದಟ್ಟವಾಗಿರುವ ಕಡೆ ಗಾಳಿ ಸಾಲದೆ ಮಸಿಯುಂಟಾಗುತ್ತದೆ. ಶಾಖವನ್ನು ತಗ್ಗಿಸಿದರೆ ಆಕ್ಸೈಡು ಕಡಮೆಯಾಗಿ ಮಸಿ ಹೆಚ್ಚುತ್ತದೆ. ಶಾಖವನ್ನು ಏರಿಸಿದರೆ ಮಸಿ ತಗ್ಗಿ ಆಕ್ಸೈಡು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಅರ್ಬುದರೋಗ ಸಂಶೋಧನ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಅರ್ಬುದವನ್ನುಂಟುಮಾಡುವ ಪದಾರ್ಥಗಳ ಮೊದಲ ವರ್ಗಕ್ಕೆ ಸೇರಿಸಿತು. 2015ರಲ್ಲಿ ಜರ್ಮನಿಯ ಫೋಕ್ಸ್‌ವಾಗನ್ ಕಂಪನಿಯ ಡೀಸೆಲ್ ಕಾರುಗಳು ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ಹಿಡಿದಿಟ್ಟು ರಸ್ತೆಯಲ್ಲಿ ಬಿಟ್ಟುಬಿಡುವಂತೆ ರಚಿತವಾಗಿದ್ದುದು ಅಮೆರಿಕದಲ್ಲಿ ಬಯಲಾಯಿತು. ಇದು ಕೇವಲ ಒಂದು ಕಂಪನಿಯ ನೀತಿಯ ಪ್ರಶ್ನೆಯಲ್ಲ. ಕಾರ್ಯಸಾಮರ್ಥ್ಯ, ಶುಚಿತ್ವ, ಅಗ್ಗದ ಬೆಲೆ ಈ ಮೂರನ್ನೂ ಒಂದು ಚಿಕ್ಕ ಡೀಸೆಲ್ ಎಂಜಿನ್ನಿನಿಂದ ಒಟ್ಟಿಗೆ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಅದೊಂದು ಸಾಕ್ಷಿ.

ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 4ರಿಂದ 5ನ್ನು ಬಿಟ್ಟು ನೇರವಾಗಿ 6ನೆಯ ಹಂತಕ್ಕೆ ನೆಗೆದದ್ದು 2020ರ ಏಪ್ರಿಲ್ 1ರಂದು. ಅಂದಿನಿಂದ ಡೀಸೆಲಿನಲ್ಲಿರುವ ಗಂಧಕ ಹತ್ತು ಲಕ್ಷ ಭಾಗಕ್ಕೆ 50ರಿಂದ 10 ಭಾಗಕ್ಕೆ ಇಳಿಯಿತು. ಹೊಗೆಕೊಳವೆಯಲ್ಲಿ ಮಸಿಯನ್ನು ಸೋಸುವ ಜರಡಿ ಬಂದಿತು. ದೊಡ್ಡ ವಾಹನಗಳಲ್ಲಿ ಯೂರಿಯಾ ದ್ರಾವಣವನ್ನು ಚಿಮ್ಮಿ ಆಕ್ಸೈಡುಗಳನ್ನು ಮತ್ತೆ ಸಾರಜನಕವನ್ನಾಗಿ ಒಡೆಯುವ ಏರ್ಪಾಡು ಬಂದಿತು. ಇಂದಿನ ಹೊಸ ಲಾರಿಯ ಹೊಗೆಯನ್ನು ಇಪ್ಪತ್ತು ವರ್ಷಗಳ ಹಿಂದಿನ ಲಾರಿಯ ಹೊಗೆಯೊಡನೆ ಹೋಲಿಸುವುದು ಅನ್ಯಾಯವಾದೀತು. ಆದರೆ ಈ ಸಲಕರಣೆಗಳ ವೆಚ್ಚವನ್ನು ಇಪ್ಪತ್ತೆಂಟು ಟನ್ನಿನ ಲಾರಿ ತಾಳಿಕೊಳ್ಳುತ್ತದೆ, ಚಿಕ್ಕ ಕಾರು ತಾಳದು. ಇತ್ತ 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ಮೇಲಿದ್ದ ಸರಕಾರದ ಹಿಡಿತ ತೆಗೆದುದರಿಂದ ಪೆಟ್ರೋಲಿಗೂ ಅದಕ್ಕೂ ಇದ್ದ ಬೆಲೆಯ ಅಂತರ ಕುಗ್ಗಿತ್ತು. ಹೀಗಾಗಿ 2012-13ರಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲಿನವಾಗಿದ್ದರೆ ಈಗ ಆ ಪಾಲು ಐದನೆಯ ಒಂದರ ಆಸುಪಾಸಿಗೆ ಬಂದಿದೆ. ಮಾರುತಿ ಕಂಪನಿಯು 2020ರಲ್ಲಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ನಿಲ್ಲಿಸಿತು. ಚಿಕ್ಕ ಕಾರಿನ ಮಟ್ಟಿಗೆ ಡೀಸೆಲಿನ ಭವಿಷ್ಯವನ್ನು ಕುರಿತ ಚರ್ಚೆ ಮುಗಿದಂತೆಯೇ. ಉಳಿದಿರುವುದು ಬಸ್ಸು ಮತ್ತು ಲಾರಿ.

ಬದಲಿ ಇಂಧನಗಳು ನಮಗೆ ಹೊಸವೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ಸೀಮೆಯ ಬಸ್ಸುಗಳು ಇದ್ದಲಿನ ಅನಿಲದಿಂದ ಓಡಿದವು. ಬಸ್ಸಿಗೆ ಕಬ್ಬಿಣದ ಪೀಪಾಯಿಯಂಥ ಒಲೆಯೊಂದನ್ನು ಜೋಡಿಸಿ, ಇದ್ದಲನ್ನು ಸಾಕಷ್ಟು ಗಾಳಿ ಕೊಡದೆ ಉರಿಸಿದರೆ ಇಂಗಾಲದ ಮಾನಾಕ್ಸೈಡು ಹೊರಡುತ್ತದೆ. ಅದನ್ನು ಸೋಸಿ ಎಂಜಿನ್ನಿಗೆ ಊಡುತ್ತಿದ್ದರು. ಹೊರಡುವ ಮುನ್ನ ಬೀಸಣಿಗೆಯನ್ನು ಬಹಳ ಹೊತ್ತು ತಿರುಗಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು ಎಂದು ಹಿರಿಯರು ಹೇಳುತ್ತಿದ್ದುದುಂಟು. ಯುದ್ಧ ಮುಗಿದು ಪೆಟ್ರೋಲು ಸಿಗತೊಡಗಿದ ಮೇಲೆ ಆ ಒಲೆಗಳು ಗುಜರಿಗೆ ಹೋದವು. ಅಭಾವದಲ್ಲಿ ಮಾತ್ರ ನಿಲ್ಲುವ ಬದಲಿ ಒಂದು ಬಗೆ, ಅಭಾವ ತೀರಿದ ಮೇಲೂ ನಿಲ್ಲುವ ಬದಲಿ ಇನ್ನೊಂದು ಬಗೆ ಎಂಬ ವಿಂಗಡಣೆಯನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ದೆಹಲಿಯ ನೈಸರ್ಗಿಕ ಅನಿಲದ ಬಸ್ಸುಗಳು ಎರಡನೆಯ ಬಗೆಗೆ ಸೇರಿದವು. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1998ರ ಜುಲೈಯಲ್ಲಿ ಕೊಟ್ಟ ಆಜ್ಞೆಯಂತೆ ಆ ನಗರದ ಬಸ್ಸುಗಳೆಲ್ಲ ಡೀಸೆಲನ್ನು ಬಿಟ್ಟು ಒತ್ತಿದ ಅನಿಲಕ್ಕೆ ಬದಲಾದವು. ಹಲವು ಗಡುವುಗಳು ಮೀರಿ, ಅನಿಲದ ಕೇಂದ್ರಗಳ ಮುಂದೆ ಉದ್ದನೆಯ ಸಾಲುಗಳು ನಿಂತು, ಕೊನೆಗೆ 2002ರ ಅಂತ್ಯದ ವೇಳೆಗೆ ಕೆಲಸ ಮುಗಿಯಿತು. ಬಸ್ಸುಗಳ ಕಪ್ಪು ಹೊಗೆ ಹೋಯಿತು. ಆದರೆ ಈ ಅನಿಲವೂ ಭೂಮಿಯ ಒಡಲಿನಿಂದ ತೆಗೆದದ್ದು, ಅದರಲ್ಲಿ ಅರ್ಧದಷ್ಟು ಹೊರದೇಶದ್ದು. ಊರಿನ ಗಾಳಿಗೆ ಅದು ಮದ್ದಾಯಿತೇ ಹೊರತು ದೇಶದ ಪರಾವಲಂಬನೆಗಲ್ಲ. ಮದ್ಯಸಾರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಕಬ್ಬು ಮತ್ತು ಧಾನ್ಯಗಳಿಂದ ತಯಾರಾದ ಮದ್ಯಸಾರವನ್ನು ಪೆಟ್ರೋಲಿಗೆ ನೂರಕ್ಕೆ 20ರಂತೆ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. ಆದರೆ ಡೀಸೆಲ್ ಎಂಜಿನ್ನಿಗೆ ಬೇಕಾದ ಮುಖ್ಯ ಗುಣವಾದ, ಒತ್ತಡದ ಬಿಸಿಗೆ ತಾನಾಗಿ ಹೊತ್ತಿಕೊಳ್ಳುವ ಗುಣ ಮದ್ಯಸಾರಕ್ಕೆ ಬಹಳ ಕಡಮೆ. ಮೇಲಾಗಿ ಸ್ವಲ್ಪ ನೀರು ಸೇರಿದರೂ ಅದು ಡೀಸೆಲಿನಿಂದ ಬೇರೆಯಾಗಿ ನಿಲ್ಲುತ್ತದೆ. ಆದ್ದರಿಂದ ಲಾರಿಯ ಸಮಸ್ಯೆಗೆ ಕಬ್ಬಿನ ಗದ್ದೆಯಿಂದ ಉತ್ತರ ದೊರೆಯಲಾರದು.

ಇನ್ನು ಹೊಂಗೆಯ ಕಡೆಗೆ ಬರೋಣ. ಕನ್ನಡ ನಾಡಿನಲ್ಲಿ ಈ ಮರವನ್ನು ಅರಿಯದವರಿಲ್ಲ. ಅದರ ಸೊಪ್ಪು ಗದ್ದೆಗೆ ಗೊಬ್ಬರ, ಹಿಂಡಿ ತೋಟಕ್ಕೆ ಗೊಬ್ಬರ, ಎಣ್ಣೆ ಹಿಂದಿನಿಂದಲೂ ದೀಪಕ್ಕೆ. ಎಣ್ಣೆ ಕಹಿಯಾದುದರಿಂದ ಅದನ್ನು ತಿನ್ನುವುದಿಲ್ಲ. ಎಂದರೆ ಅದನ್ನು ಎಂಜಿನ್ನಿಗೆ ಹಾಕಿದರೆ ಯಾರ ಒಗ್ಗರಣೆಯನ್ನೂ ಕಸಿದಂತಾಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯ ವೇಳೆಗೆ ಹೊಂಗೆ ಎಣ್ಣೆಯಿಂದ ಜನರೇಟರುಗಳನ್ನು ನಡೆಸುವ ಕೆಲಸವನ್ನು ಕೈಗೊಂಡು, ಕಗ್ಗನಹಳ್ಳಿಯೆಂಬ ಮಳೆಯಾಸರೆಯ ಹಳ್ಳಿಯಲ್ಲಿ ಅದರ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿಸಿ ತೋರಿಸಿದರು. ಮುಂದೆ ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನ ಬೆಳೆಯಿತು. ರಾಜ್ಯ ರಸ್ತೆ ಸಾರಿಗೆ ನಿಗಮವು ಜೈವಿಕ ಡೀಸೆಲನ್ನು ಬೆರೆಸಿ ಬಸ್ಸುಗಳನ್ನು ಓಡಿಸಿ ನೋಡಿತು. ಹೊಂಗೆ ಎಣ್ಣೆ ಎಂಜಿನ್ನನ್ನು ನಡೆಸಬಲ್ಲುದು ಎಂಬುದರಲ್ಲಿ ಸಂಶಯವೇ ಉಳಿದಿಲ್ಲ.

ಬಿತ್ತದ ಎಣ್ಣೆಯನ್ನು ಹಾಗೆಯೇ ಹಾಕಿದರೆ ತೊಂದರೆಗಳುಂಟು. ಅದು ಡೀಸೆಲಿಗಿಂತ ಸುಮಾರು ಹತ್ತು ಪಾಲು ಮಂದ. ತುಂತುರು ಸರಿಯಾಗಿ ಒಡೆಯದೆ ಎಂಜಿನ್ನಿನಲ್ಲಿ ಕರಿಯ ಹೊರೆಗಟ್ಟುತ್ತದೆ. ನಿಧಾನವಾಗಿ ತಿರುಗುವ ಪಂಪುಸೆಟ್ಟು ಇದನ್ನು ಸಹಿಸಿಕೊಂಡೀತು, ಇಂದಿನ ಲಾರಿಯ ಸೂಕ್ಷ್ಮವಾದ ಇಂಜೆಕ್ಟರು ಸಹಿಸದು. ಇದಕ್ಕೆ ಪರಿಹಾರವೂ ಇದೆ. ಎಣ್ಣೆಗೆ ಮೀಥೈಲ್ ಮದ್ಯಸಾರವನ್ನೂ ಸ್ವಲ್ಪ ಕ್ಷಾರವನ್ನೂ ಸೇರಿಸಿ ಕಾಯಿಸಿದರೆ ಎಣ್ಣೆಯ ದೊಡ್ಡ ಅಣು ಒಡೆದು, ಗ್ಲಿಸರಿನ್ ಕೆಳಗಿಳಿದು, ಡೀಸೆಲಿನಷ್ಟೇ ತೆಳುವಾದ ಎಸ್ಟರು ಮೇಲೆ ನಿಲ್ಲುತ್ತದೆ. ಜೈವಿಕ ಡೀಸೆಲ್ ಎಂಬುದು ಇದೇ. ರಸಾಯನಶಾಸ್ತ್ರದ ಪ್ರಯೋಗಶಾಲೆಯಿರುವ ಯಾವ ಕಾಲೇಜಿನಲ್ಲಿಯಾದರೂ ಇದನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ನೋಡಬಹುದು. ಹಳೆಯ ಬೀಜದ ಎಣ್ಣೆಯಾದರೆ ಅದರಲ್ಲಿರುವ ಆಮ್ಲದಿಂದ ಎಸ್ಟರಿನ ಬದಲು ಸಾಬೂನು ದೊರೆಯುವುದೆಂಬುದನ್ನೂ ವಿದ್ಯಾರ್ಥಿಗಳು ಅಲ್ಲಿಯೇ ಕಲಿಯುತ್ತಾರೆ.

ತೊಡಕಿರುವುದು ರಸಾಯನಶಾಸ್ತ್ರದಲ್ಲಲ್ಲ, ನೆಲದ ಅಳತೆಯಲ್ಲಿ. ಲೆಕ್ಕ ಹೀಗಿದೆ. ಚೆನ್ನಾಗಿ ಬಲಿತ ಒಂದು ಹೊಂಗೆ ಮರ ವರ್ಷಕ್ಕೆ 20 ಕಿಲೋ ಬೀಜ ಕೊಡುತ್ತದೆಂದು ಇಟ್ಟುಕೊಳ್ಳೋಣ. ಗಾಣದಲ್ಲಿ ನೂರಕ್ಕೆ 25ರಂತೆ ಎಣ್ಣೆ ಬಂದರೆ ಮರಕ್ಕೆ 5 ಕಿಲೋ. ಏಳು ಮೀಟರು ಅಂತರದಲ್ಲಿ ನೆಟ್ಟರೆ ಎಕರೆಗೆ 80 ಮರ. ಎಂದರೆ 400 ಕಿಲೋ, ಸುಮಾರು 435 ಲೀಟರು ಎಣ್ಣೆ. ನಗರದ ಬಸ್ಸೊಂದು ಲೀಟರಿಗೆ 4 ಕಿಲೋಮೀಟರು ಓಡುತ್ತದೆಂದರೆ ಈ ಎಕರೆಯ ಎಣ್ಣೆ ಅದನ್ನು 1,700 ಕಿಲೋಮೀಟರು ಓಡಿಸುತ್ತದೆ. ದಿನಕ್ಕೆ 200 ಕಿಲೋಮೀಟರು ಓಡುವ ಬಸ್ಸಿಗೆ ಇದು ಎಂಟೂವರೆ ದಿನಗಳ ಓಟ. ವರ್ಷವಿಡೀ ಓಡಬೇಕಾದರೆ ಒಂದು ಬಸ್ಸಿಗೆ 43 ಎಕರೆ ತೋಪು ಬೇಕು.

ಇದನ್ನೇ ದೇಶದ ಮಟ್ಟಕ್ಕೆ ಹಿಗ್ಗಿಸಿದರೆ 9 ಕೋಟಿ ಟನ್ನಿಗೆ 1,800 ಕೋಟಿ ಮರಗಳು, 22 ಕೋಟಿ ಎಕರೆಗೂ ಹೆಚ್ಚು ನೆಲ. ಕರ್ನಾಟಕದ ಬೆಟ್ಟ, ಹೊಳೆ, ಊರು, ಕೇರಿಗಳನ್ನೆಲ್ಲ ಸೇರಿಸಿದರೂ ಅದರ ವಿಸ್ತೀರ್ಣ ಸುಮಾರು 4 ಕೋಟಿ 74 ಲಕ್ಷ ಎಕರೆ. ಎಂದರೆ ಹೆಚ್ಚು ಕಡಮೆ ಐದು ಕರ್ನಾಟಕಗಳ ಮೇಲೆ ಹೊಂಗೆಯೊಂದನ್ನೇ ನೆಡಬೇಕು. ಇಡೀ ದೇಶದಲ್ಲಿ ಬಿತ್ತನೆಯಾಗುವ ಭೂಮಿಯೇ ಸುಮಾರು 35 ಕೋಟಿ ಎಕರೆ. ಮರಕ್ಕೆ 20 ಕಿಲೋ ಎಂದದ್ದು ಕಡಮೆಯಾಯಿತು, 40 ಬರುತ್ತದೆ ಎಂದು ಯಾರಾದರೂ ವಾದಿಸಬಹುದು. ಹಾಗೆಯೇ ಆಗಲಿ; ಎರಡೂವರೆ ಕರ್ನಾಟಕ ಸಾಕಾಗುತ್ತದೆ. ಬೇಲಿಯಲ್ಲಿ, ಬದುವಿನಲ್ಲಿ, ರಸ್ತೆಯಂಚಿನಲ್ಲಿ ನೆಡಬಹುದೆಂಬ ಮಾತು ಸರಿಯಾದುದೇ, ಆದರೆ ಆಗ ಬೀಜ ಆಯುವ ಕೂಲಿ ಹೆಚ್ಚುತ್ತದೆ. ಚದುರಿಬಿದ್ದ ಕಾಯನ್ನು ಬಗ್ಗಿ ಆಯ್ದು, ಸಿಪ್ಪೆ ಬಡಿದು, ಗಾಣಕ್ಕೆ ಸಾಗಿಸುವ ಕೆಲಸವನ್ನು ಯೋಜನೆ ಬರೆಯುವವರು ಬಹುಮಟ್ಟಿಗೆ ಹೆಂಗಸರ ಬಿಡುವಿನ ವೇಳೆಯ ಖಾತೆಗೆ ಹಾಕಿಬಿಡುತ್ತಾರೆ. ಆ ಬಿಡುವು ಎಲ್ಲಿದೆಯೆಂದು ಕೇಳಿದವರು ಕಡಮೆ.

ಈ ಲೆಕ್ಕವನ್ನು ಮೊದಲೇ ಹಾಕಿದ್ದರೆ ಕಾಡುಹರಳಿನ ಪ್ರಸಂಗ ನಡೆಯುತ್ತಿರಲಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜಟ್ರೋಫಾ ಎಂದು ಹೆಸರಾದ ಈ ಗಿಡವನ್ನು ಪಾಳುಭೂಮಿಯಲ್ಲಿ ಬೆಳೆಸಲು ಶಿಫಾರಸು ಮಾಡಿತು. 2009ರ ರಾಷ್ಟ್ರೀಯ ನೀತಿಯು 2017ರ ವೇಳೆಗೆ ಡೀಸೆಲಿಗೆ ನೂರಕ್ಕೆ 20ರಷ್ಟು ಜೈವಿಕ ಇಂಧನವನ್ನು ಬೆರೆಸುವ ಗುರಿಯಿಟ್ಟಿತು. ಆ ವರ್ಷ ಬಂದಾಗ ಬೆರೆತದ್ದು ನೂರಕ್ಕೆ ಒಂದೂ ಇರಲಿಲ್ಲ. ಗಿಡ ಪಾಳುಭೂಮಿಯಲ್ಲಿ ಬದುಕುತ್ತದೆಂಬುದು ನಿಜ. ಪಾಳುಭೂಮಿಯಲ್ಲಿ ಅದು ಕಾಯಿ ಬಿಡುವುದು ಬಹಳ ಕಡಮೆಯೆಂಬುದೂ ಅಷ್ಟೇ ನಿಜ. ನೀರು ಗೊಬ್ಬರ ಕೊಟ್ಟರೆ ಕಾಯಿ ಬಿಡುತ್ತದೆ. ನೀರು ಗೊಬ್ಬರವಿದ್ದ ರೈತ ಕಾಡುಹರಳನ್ನು ಏಕೆ ಬೆಳೆದಾನು? ಸಸಿ ನೆಟ್ಟು ವರ್ಷಗಟ್ಟಲೆ ಕಾದು, ಕೊಳ್ಳುವವರಿಲ್ಲದೆ ಕಿತ್ತುಹಾಕಿದವರು ದೇಶದ ಹಲವು ಕಡೆ ಇದ್ದಾರೆ. ಆ ನಷ್ಟ ಯಾವ ನೀತಿಯ ಕಡತದಲ್ಲಿಯೂ ಖರ್ಚಾಗಿ ಕಾಣುವುದಿಲ್ಲ. 2018ರ ಹೊಸ ನೀತಿಯು ಗುರಿಯನ್ನು ನೂರಕ್ಕೆ 5ಕ್ಕೆ ಇಳಿಸಿ, ಗಡುವನ್ನು 2030ಕ್ಕೆ ಒಯ್ದಿದೆ. ಅಷ್ಟನ್ನು ಹೊಂಗೆಯೊಂದರಿಂದಲೇ ಪಡೆಯಬೇಕಾದರೂ ನಮ್ಮ ಲೆಕ್ಕದಂತೆ 90 ಕೋಟಿ ಮರಗಳು ಬೇಕು. ಹೋಟೆಲುಗಳಲ್ಲಿ ಕರಿದು ಮಿಕ್ಕ ಎಣ್ಣೆ ಇದಕ್ಕೆ ಸ್ವಲ್ಪ ನೆರವಾಗುತ್ತದೆ, ಸ್ವಲ್ಪ ಮಾತ್ರ.

ಸಸ್ಯದ ಎಣ್ಣೆಗೆ ಇಷ್ಟೊಂದು ನೆಲ ಏಕೆ ಬೇಕಾಗುತ್ತದೆ? ಮರವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹಿಡಿಯುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಮೆ. ಹಿಡಿದುದರಲ್ಲಿ ಬಹುಪಾಲು ಬೇರು, ಕಾಂಡ, ಎಲೆಗಳಿಗೆ ಹೋಗಿ ಸ್ವಲ್ಪ ಮಾತ್ರ ಬೀಜವಾಗುತ್ತದೆ. ಬೀಜದಲ್ಲಿ ಕಾಲುಭಾಗ ಎಣ್ಣೆ, ಎಣ್ಣೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಂಜಿನ್ನಿನ ಬಿಸಿಯಾಗಿ ನಷ್ಟ. ಸೌರಫಲಕವಾದರೋ ಬಿಸಿಲಿನಲ್ಲಿ ನೂರಕ್ಕೆ 20ರಷ್ಟನ್ನು ನೇರವಾಗಿ ವಿದ್ಯುತ್ತಾಗಿಸುತ್ತದೆ. ವಿದ್ಯುತ್ ಮೋಟಾರು ನೂರಕ್ಕೆ 90ರಷ್ಟನ್ನು ಕೆಲಸವಾಗಿಸುತ್ತದೆ. ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳಿವೆ. ಮೆಗಾವಾಟಿಗೆ ಆರು ಎಕರೆಯ ಮೇಲೆ ಸ್ವಲ್ಪ. ನಮ್ಮ ಬಿಸಿಲಿನಲ್ಲಿ ಮೆಗಾವಾಟಿಗೆ ವರ್ಷಕ್ಕೆ 15 ಲಕ್ಷ ಯೂನಿಟ್ಟು ಹಿಡಿದರೂ ಎಕರೆಗೆ ಸುಮಾರು 2.4 ಲಕ್ಷ ಯೂನಿಟ್ಟಾಗುತ್ತದೆ. ನಗರದ ವಿದ್ಯುತ್ ಬಸ್ಸಿಗೆ ಕಿಲೋಮೀಟರಿಗೆ 1.2 ಯೂನಿಟ್ಟು ಬೇಕೆಂದರೆ ಅದೇ 200 ಕಿಲೋಮೀಟರಿನ ದಿನಚರಿಗೆ ವರ್ಷಕ್ಕೆ 88 ಸಾವಿರ ಯೂನಿಟ್ಟು. ಹೊಂಗೆಯಾದರೆ 43 ಎಕರೆಗೆ ಒಂದು ಬಸ್ಸು. ಬಿಸಿಲಾದರೆ ಒಂದು ಎಕರೆಗೆ ಎರಡೂವರೆ ಬಸ್ಸು. ನೂರು ಪಾಲಿನ ಈ ಅಂತರವನ್ನು ತಳಿ ಸುಧಾರಣೆಯಾಗಲಿ ಗಾಣದ ಸುಧಾರಣೆಯಾಗಲಿ ತುಂಬಲಾರದು.

ಪಾವಗಡದಲ್ಲಿ ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದುದು ಒಳ್ಳೆಯ ಏರ್ಪಾಡು. ಮಳೆ ಕೈಕೊಟ್ಟ ವರ್ಷವೂ ಹೊಲದ ಒಡೆಯನಿಗೆ ಹಣ ಬರುತ್ತದೆ. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ, ಸ್ವಂತ ನೆಲವಿಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣ ಬರುವುದಿಲ್ಲ. ನೆಲದ ಲೆಕ್ಕವನ್ನು ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

ವಿದ್ಯುತ್ ಬಸ್ಸಿನ ವಿಷಯದಲ್ಲಿ ಇನ್ನೊಂದು ಭ್ರಮೆಯೂ ಕಳೆಯಬೇಕಾಗಿದೆ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡು ಹೊರಡುತ್ತದೆ. ಲೀಟರಿಗೆ 4 ಕಿಲೋಮೀಟರು ಓಡುವ ಬಸ್ಸಿನ ಪಾಲು ಕಿಲೋಮೀಟರಿಗೆ 0.67 ಕಿಲೋ. ನಮ್ಮ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದಾಗಿರುವುದರಿಂದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಡೈಆಕ್ಸೈಡು ತಗಲುತ್ತದೆ. 1.2 ಯೂನಿಟ್ಟು ಬಳಸುವ ಬಸ್ಸಿಗೆ ಅದು 0.84 ಕಿಲೋ. ಎಣ್ಣೆಯನ್ನು ತೆಗೆದು ಶುದ್ಧಿಮಾಡಿ ಸಾಗಿಸುವ ಲೆಕ್ಕವನ್ನು ಡೀಸೆಲಿಗೆ ಸೇರಿಸಿದರೆ ಎರಡೂ ಹೆಚ್ಚು ಕಡಮೆ ಸಮವಾಗುತ್ತವೆ. ಹಾಗಾದರೆ ಲಾಭವೇನು? ಮೊದಲನೆಯದು, ಹೊಗೆ ಜನ ನಿಂತಿರುವ ಬಸ್ ನಿಲ್ದಾಣದಲ್ಲಿ ಹೊರಡುವುದಿಲ್ಲ. ಎರಡನೆಯದು, ಜಲವಿದ್ಯುತ್ತು, ಬಿಸಿಲು, ಗಾಳಿಗಳ ಪಾಲು ಹೆಚ್ಚಿರುವ ಕರ್ನಾಟಕದಂಥ ರಾಜ್ಯದಲ್ಲಿ ಲೆಕ್ಕ ಈಗಲೇ ವಿದ್ಯುತ್ ಬಸ್ಸಿನ ಕಡೆಗೆ ವಾಲುತ್ತದೆ. ಮೂರನೆಯದು, ಡೀಸೆಲ್ ಬಸ್ಸು ತನ್ನ ಆಯುಷ್ಯವಿಡೀ ಅಷ್ಟೇ ಹೊಗೆ ಬಿಡುತ್ತದೆ. ವಿದ್ಯುತ್ ಬಸ್ಸಾದರೋ ದೇಶದ ವಿದ್ಯುತ್ತು ಶುಚಿಯಾದಂತೆಲ್ಲ ತಾನೂ ಶುಚಿಯಾಗುತ್ತ ಹೋಗುತ್ತದೆ. ಇದಕ್ಕೆ ಒಂದು ಷರತ್ತುಂಟು. ಬಿಸಿಲಿನ ವಿದ್ಯುತ್ತು ಹೇರಳವಾಗಿರುವುದು ನಡುಹಗಲಿನಲ್ಲಿ. ಬಸ್ಸುಗಳು ಡಿಪೋಗೆ ಮರಳುವುದು ರಾತ್ರಿ. ಪ್ರಯಾಣಿಕರು ವಿರಳವಾಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ಸರದಿಯಂತೆ ಬಸ್ಸುಗಳನ್ನು ಚಾರ್ಜಿಗೆ ನಿಲ್ಲಿಸುವಂತೆ ವೇಳಾಪಟ್ಟಿಯನ್ನೇ ತಿದ್ದಬೇಕಾಗುತ್ತದೆ.

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2014ರಲ್ಲಿ ಪರೀಕ್ಷಾರ್ಥವಾಗಿ ಒಂದು ವಿದ್ಯುತ್ ಬಸ್ಸನ್ನು ಓಡಿಸಿತು. 2021ರ ಡಿಸೆಂಬರಿನಿಂದ ಅಂಥ ಬಸ್ಸುಗಳನ್ನು ಸೇವೆಗೆ ಸೇರಿಸುತ್ತ ಬಂದು ಸಾವಿರದ ಗಡಿಯನ್ನು ದಾಟಿತು. ಇವುಗಳನ್ನು ಸಂಸ್ಥೆ ತಾನೇ ಕೊಂಡದ್ದಲ್ಲ. ಬಸ್ಸೂ ಚಾಲಕನೂ ಗುತ್ತಿಗೆದಾರ ಕಂಪನಿಯವು, ನಿರ್ವಾಹಕ ಮಾತ್ರ ಸಂಸ್ಥೆಯವನು, ಕಂಪನಿಗೆ ಸಲ್ಲುವುದು ಓಡಿದ ಕಿಲೋಮೀಟರಿಗೆ ಇಷ್ಟು ಎಂಬ ಹಣ. ಬ್ಯಾಟರಿಯ ಮೊದಲ ವೆಚ್ಚ ಭಾರಿಯಾದುದರಿಂದ ಈ ದಾರಿಯನ್ನು ಹಿಡಿದದ್ದು ಅರ್ಥವಾಗುತ್ತದೆ. ಆದರೆ ಡೀಸೆಲ್ ಬಸ್ಸಿನ ರಿಪೇರಿಯನ್ನು ಕೈಬೆರಳುಗಳಲ್ಲಿ ಬಲ್ಲ ಡಿಪೋ ಕಾರ್ಮಿಕರಿಗೆ ಈ ಹೊಸ ಬಸ್ಸನ್ನು ಮುಟ್ಟುವ ಅವಕಾಶವೇ ಇರುವುದಿಲ್ಲ. ಹತ್ತು ಹನ್ನೆರಡು ವರ್ಷಗಳ ಗುತ್ತಿಗೆ ಮುಗಿಯುವ ವೇಳೆಗೆ ಆ ವಿದ್ಯೆ ಸಾರ್ವಜನಿಕ ಸಂಸ್ಥೆಯಲ್ಲಿ ಉಳಿದಿರುವುದೇ ಎಂಬುದು ನಮಗೆ ಚಿಂತೆಯ ವಿಷಯವಾಗಿ ತೋರುತ್ತದೆ. ಎಂಜಿನಿಯರಿಂಗ್ ಕಾಲೇಜುಗಳೂ ಪಾಲಿಟೆಕ್ನಿಕ್ಕುಗಳೂ ಇದನ್ನು ಈಗಲೇ ಗಮನಿಸಬೇಕು.

ನಗರದ ಬಸ್ಸಿಗೆ ಒಪ್ಪುವುದು ದೂರದ ಲಾರಿಗೆ ಒಪ್ಪುವುದಿಲ್ಲ. ಇಲ್ಲಿಯೂ ಲೆಕ್ಕ ಸುಲಭ. ಬೆಂಗಳೂರಿನಿಂದ ಮುಂಬಯಿಗೆ ಸುಮಾರು 980 ಕಿಲೋಮೀಟರು. ಲೀಟರಿಗೆ 4 ಕಿಲೋಮೀಟರಿನಂತೆ ಒಂದು ಲಾರಿಗೆ 245 ಲೀಟರು ಡೀಸೆಲ್ ಬೇಕು. ಅದರ ತೂಕ 200 ಕಿಲೋ. ಲೀಟರಿನಲ್ಲಿ ಸುಮಾರು 10 ಯೂನಿಟ್ಟಿನಷ್ಟು ಶಕ್ತಿ, ಅದರಲ್ಲಿ ಕೆಲಸಕ್ಕೆ ಬರುವುದು 4 ಯೂನಿಟ್ಟು. ಎಂದರೆ ಕಿಲೋಮೀಟರಿಗೆ ಒಂದು. ಮೋಟಾರಿನ ನಷ್ಟವನ್ನೂ ಸೇರಿಸಿ ಅಷ್ಟು ದೂರಕ್ಕೆ 1,100 ಯೂನಿಟ್ಟಿನ ಬ್ಯಾಟರಿ ಬೇಕೆಂದರೆ, ಕಿಲೋ ತೂಕಕ್ಕೆ 150 ವಾಟ್-ಗಂಟೆಯಂತೆ ಅದರ ಭಾರ ಏಳು ಟನ್ನನ್ನು ಮೀರುತ್ತದೆ. 200 ಕಿಲೋ ಹೊರುವ ಕಡೆ 7,000 ಕಿಲೋ! ಹದಿನೆಂಟು ಟನ್ನು ಸರಕು ಒಯ್ಯುವ ಲಾರಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಬ್ಯಾಟರಿಗೇ ಬಿಟ್ಟುಕೊಡುವ ಮಾಲೀಕ ಯಾರು? ಚಿಕ್ಕ ಬ್ಯಾಟರಿಯನ್ನಿಟ್ಟು ನಡುವೆ ಮೂರು ಕಡೆ ತುಂಬಿಸಿಕೊಳ್ಳಬಹುದು. ಆಗ ಒಂದು ಗಂಟೆಯಲ್ಲಿ 350 ಯೂನಿಟ್ಟು ತುಂಬಲು 350 ಕಿಲೋವಾಟಿನ ಸರಬರಾಜು ಬೇಕು. ಹೆದ್ದಾರಿಯ ಒಂದು ಢಾಬಾದ ಮುಂದೆ ಹತ್ತು ಲಾರಿಗಳು ನಿಂತರೆ ಚಿಕ್ಕ ಪಟ್ಟಣವೊಂದಕ್ಕೆ ಸಾಲುವಷ್ಟು ವಿದ್ಯುತ್ತು ಬೇಕಾಗುತ್ತದೆ. ಇದು ಅಸಾಧ್ಯವಲ್ಲ, ಆದರೆ ತಂತಿ, ಪರಿವರ್ತಕ, ಉಪಕೇಂದ್ರಗಳ ಕೆಲಸ ಹತ್ತಾರು ವರ್ಷಗಳದು. ನಿತ್ಯವೂ ಅದೇ ಎರಡು ಸ್ಥಳಗಳ ನಡುವೆ ಓಡುವ, ಇನ್ನೂರು ಮುನ್ನೂರು ಕಿಲೋಮೀಟರಿನೊಳಗಿನ ಲಾರಿಗಳು ಮೊದಲು ಬದಲಾಗುವುವು. ಊರಿಂದೂರಿಗೆ ಸರಕು ಸಿಕ್ಕತ್ತ ಹೋಗುವ ಲಾರಿ ಕೊನೆಯಲ್ಲಿ.

ಜಲಜನಕ, ಎಂದರೆ ಹೈಡ್ರೊಜನ್, ಈ ಕೊರತೆಯನ್ನು ತುಂಬುತ್ತದೆಂದು ಹಲವರು ನಿರೀಕ್ಷಿಸುತ್ತಾರೆ. 2023ರಲ್ಲಿ ಕೇಂದ್ರ ಸರಕಾರ ಅದಕ್ಕಾಗಿ ಒಂದು ರಾಷ್ಟ್ರೀಯ ಯೋಜನೆಯನ್ನೇ ಹೂಡಿದೆ. ತೂಕದಲ್ಲಿ ಅದರಷ್ಟು ಶಕ್ತಿಯುಳ್ಳ ಇಂಧನ ಬೇರೊಂದಿಲ್ಲ. ಆದರೆ 100 ಯೂನಿಟ್ಟು ವಿದ್ಯುತ್ತಿನಿಂದ ನೀರನ್ನು ಒಡೆದು, ಬಂದ ಅನಿಲವನ್ನು ಭಾರಿ ಒತ್ತಡದಲ್ಲಿ ತುಂಬಿ, ಮತ್ತೆ ಅದನ್ನು ಇಂಧನ ಕೋಶದಲ್ಲಿ ವಿದ್ಯುತ್ತಾಗಿಸಿ ಚಕ್ರಕ್ಕೆ ಕೊಡುವ ವೇಳೆಗೆ ಉಳಿಯುವುದು 25ರಿಂದ 30 ಯೂನಿಟ್ಟು. ಬ್ಯಾಟರಿಯ ಮೂಲಕ ಹೋದರೆ 70ಕ್ಕೂ ಹೆಚ್ಚು ಉಳಿಯುತ್ತದೆ. ವಿದ್ಯುತ್ತು ಬಹಳ ಅಗ್ಗವಾಗುವ ದಿನದವರೆಗೆ ಜಲಜನಕಕ್ಕೆ ಗೊಬ್ಬರ ಮತ್ತು ಉಕ್ಕಿನ ಕಾರ್ಖಾನೆಗಳೇ ತಕ್ಕ ಸ್ಥಳ.

ಆದ್ದರಿಂದ ದೂರದ ಸರಕಿನ ಮಟ್ಟಿಗೆ ಇನ್ನೂ ಬಹು ವರ್ಷಗಳ ಕಾಲ ಡೀಸೆಲ್ ಎಂಜಿನ್ನು ಇರುತ್ತದೆಂದೇ ನಮ್ಮ ಅಭಿಪ್ರಾಯ. ಹೊಂಗೆಯ ಎಣ್ಣೆ ಅದರ ಜಾಗಕ್ಕೆ ಬರಲಾರದು. ಆದರೆ ಮರಗಳು ಇರುವ ಊರಿನಲ್ಲಿಯೇ ಗಾಣವೂ ಇದ್ದು, ಹಿಂಡಿ ಅಲ್ಲಿನ ತೋಟಕ್ಕೇ ಹೋಗಿ, ಎಣ್ಣೆ ಅಲ್ಲಿನ ಪಂಪುಸೆಟ್ಟು, ಜನರೇಟರುಗಳಿಗೆ ಬಳಕೆಯಾದರೆ ಅದಕ್ಕೆ ತನ್ನದೇ ಆದ ಸ್ಥಾನವಿದೆ. ಕಗ್ಗನಹಳ್ಳಿಯ ಪ್ರಯೋಗದ ಬೆಲೆ ಇರುವುದು ಅಲ್ಲಿಯೇ. ಅದನ್ನು ಇಡೀ ದೇಶದ ಲಾರಿಗಳಿಗೆ ಹೊದಿಸಲು ಹೋದದ್ದು ಪ್ರಯೋಗದ ತಪ್ಪಲ್ಲ.

ಬ್ಯಾಟರಿಯ ಭಾರವೂ ಇಲ್ಲದೆ, ಎಣ್ಣೆಯೂ ಇಲ್ಲದೆ ದೂರಕ್ಕೆ ಸರಕು ಒಯ್ಯುವ ಉಪಾಯವೊಂದು ನೂರು ವರ್ಷಗಳಿಂದ ನಮ್ಮ ಕಣ್ಣ ಮುಂದೆಯೇ ಇದೆ. 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತು. ಅದರ ಶತಮಾನೋತ್ಸವದ ವೇಳೆಗೆ ದೇಶದ ಬ್ರಾಡ್‌ಗೇಜ್ ಹಾದಿಯಲ್ಲಿ ಬಹುಮಟ್ಟಿಗೆ ಎಲ್ಲ ಕಡೆಯೂ ತಂತಿ ಬಂದಾಗಿದೆ. ವಾರಾಣಸಿಯಲ್ಲಿ ಡೀಸೆಲ್ ರೈಲ್ವೆ ಎಂಜಿನ್ನುಗಳಿಗಾಗಿಯೇ ಕಟ್ಟಿದ ಕಾರ್ಖಾನೆ ಈಗ ವಿದ್ಯುತ್ ಎಂಜಿನ್ನುಗಳನ್ನು ತಯಾರಿಸುತ್ತದೆ. 2020ರಲ್ಲಿ ಅದರ ಹೆಸರಿನಿಂದ ಡೀಸೆಲ್ ಎಂಬ ಮಾತನ್ನೂ ತೆಗೆದುಹಾಕಿದರು. ಆದರೂ ದೇಶದ ಸರಕಿನ ಹೆಚ್ಚಿನ ಪಾಲು ರಸ್ತೆಯಲ್ಲಿಯೇ ಹೋಗುತ್ತದೆ. ರೈಲು ಮನೆಬಾಗಿಲಿಗೆ ಬರುವುದಿಲ್ಲ. ಒಮ್ಮೆ ಏರಿಸಿ, ಒಮ್ಮೆ ಇಳಿಸಿ, ಮತ್ತೆ ಲಾರಿಗೆ ಹೇರುವ ಕೂಲಿಯೂ ವಿಳಂಬವೂ ವ್ಯಾಪಾರಿಗೆ ಬೇಡ. ಇದಕ್ಕೆ ಕೊಂಕಣ ರೈಲ್ವೆಯವರು 1999ರಲ್ಲಿ ಒಂದು ಉತ್ತರವನ್ನು ಕಂಡುಕೊಂಡರು. ತುಂಬಿದ ಲಾರಿಯನ್ನೇ ಚಪ್ಪಟೆ ವ್ಯಾಗನ್ನಿನ ಮೇಲೆ ಹತ್ತಿಸಿ ಕರೆದೊಯ್ಯುವುದು. 2020ರ ಆಗಸ್ಟಿನಲ್ಲಿ ನೆಲಮಂಗಲದಿಂದ ಸೋಲಾಪುರದ ಬಳಿಯ ಬಾಳೆಗೆ ಇಂಥದೇ ಸೇವೆಯೊಂದು ಒಂದು ಸಲಕ್ಕೆ 42 ಲಾರಿಗಳನ್ನು ಹೊರುವಂತೆ ಆರಂಭವಾಯಿತು. ರಸ್ತೆಯಲ್ಲಿ ಹೋಗಿದ್ದರೆ ಪ್ರತಿಯೊಂದು ಲಾರಿಯೂ ಅಷ್ಟು ದೂರಕ್ಕೆ ನೂರೈವತ್ತು ಲೀಟರಿನಷ್ಟು ಡೀಸೆಲ್ ಉರಿಸುತ್ತಿತ್ತು. ಕೊಂಕಣದ ಹಾದಿಯ ವಿದ್ಯುದೀಕರಣ 2022ರಲ್ಲಿ ಪೂರ್ಣವಾಯಿತು. ಆ ವ್ಯಾಗನ್ನುಗಳನ್ನು ಏರುವ ಲಾರಿಗಳ ಎಂಜಿನ್ನು ಡೀಸೆಲಿನದೇ. ರೈಲಿನ ಮೇಲಿರುವಷ್ಟು ದೂರ ಅದು ಸುಮ್ಮನೆ ನಿಂತಿರುತ್ತದೆ.